ಇರುಳಿನ ಕ್ಷಮೆ, ಹಗಲಿನ ಕ್ಷಮೆ

ತಪ್ಪಿ ನಡೆದವನಿಗೆ ಮರಳಿ ಬರಲು ದಾರಿಯಿರಬೇಕು ಎಂಬುದರಲ್ಲಿ ಜೈನಧರ್ಮಕ್ಕೆ ಸಂದೇಹವಿಲ್ಲ. ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ಸ್ಥಿತಿಕರಣವೂ ಒಂದು. ಜಾರುತ್ತಿರುವವನ ಕೈಹಿಡಿದು ಮತ್ತೆ ನೆಲೆಯಲ್ಲಿ ನಿಲ್ಲಿಸುವುದೇ ಅದರ ತಾತ್ಪರ್ಯ. ಆದರೆ ಮರಳಿ ಬರುವವನು ಯಾವ ಬಾಗಿಲಿನಿಂದ, ಯಾವ ಹೊತ್ತಿನಲ್ಲಿ, ಯಾರ ಎದುರಿಗೆ ಬರಬೇಕು ಎಂಬ ಪ್ರಶ್ನೆ ಒಂದೊಂದು ಮನೆಯಲ್ಲಿಯೂ ಹೊಸದಾಗಿಯೇ ಹುಟ್ಟುತ್ತದೆ. ಪೆರಾಬೆಯ ಒಂದು ಮನೆಯಲ್ಲಿ ಅದು ಕೆಲವು ವರ್ಷಗಳ ಹಿಂದಿನ ದೀಪಾವಳಿಯ ರಜೆಯಲ್ಲಿ, ಒಂದು ಇಂಗ್ಲಿಷ್ ಕಾದಂಬರಿಯ ನೆಪದಿಂದ ಎದ್ದಿತು.

ಉಪ್ಪಿನಂಗಡಿಯಿಂದ ಕಡಬದ ಕಡೆಗೆ ಹೋಗುವ ಮಾರ್ಗದಲ್ಲಿರುವ ಪೆರಾಬೆ ಮೊದಲು ಪುತ್ತೂರು ತಾಲೂಕಿಗೆ ಸೇರಿದ್ದಿತು, ಈಗ ಕಡಬ ತಾಲೂಕಿನಲ್ಲಿದೆ. ಸಮೀಪದಲ್ಲಿ ಹರಿಯುವ ಕುಮಾರಧಾರೆ ಉಪ್ಪಿನಂಗಡಿಗೆ ಹೋಗಿ ನೇತ್ರಾವತಿಯನ್ನು ಕೂಡುತ್ತದೆ. ಅಡಿಕೆಯ ತೋಟ, ತೆಂಗು, ರಬ್ಬರು, ಗುಡ್ಡದ ಮೇಲೆ ಗೇರು, ಇವುಗಳ ನಡುವೆ ದೂರ ದೂರಕ್ಕೆ ಒಂದೊಂದು ಮನೆ. ದೀಪಾವಳಿಯ ಹೊತ್ತಿಗೆ ಮಳೆ ಹಿಂದೆಗೆದಿರುತ್ತದೆ. ಬರಲಿರುವ ಹಣ್ಣಡಿಕೆಯನ್ನು ಹರವಲು ಅಂಗಳವನ್ನು ಕೆತ್ತಿ, ಸಮಮಾಡಿ, ಸೆಗಣಿ ಸಾರಿಸುವ ಕೆಲಸ ಮನೆಮನೆಯಲ್ಲಿಯೂ ನಡೆದಿರುತ್ತದೆ. ಹೊರಗೆ ಓದುವ ಮಕ್ಕಳು, ಬೆಂಗಳೂರಿನಲ್ಲಿ ದುಡಿಯುವ ಮಕ್ಕಳು ಮನೆಗೆ ಬರುವ ಕಾಲವೂ ಅದೇ.

ಈ ಮನೆಯಲ್ಲಿ ಎಂಬತ್ತರ ಸಮೀಪದ ಅಜ್ಜಿ, ತೋಟ ನೋಡಿಕೊಳ್ಳುವ ಮಗ, ಸೊಸೆ, ಮತ್ತು ಮಗಳು ಇದ್ದರು. ಮಗಳು ಗಂಡನ ಮನೆಯಿಂದ ಬಂದು ಒಂಬತ್ತು ವರ್ಷಗಳಾಗಿದ್ದವು. ಆಕೆಯ ಮಗಳು ಪುತ್ತೂರಿನಲ್ಲಿ ಕಾಲೇಜಿಗೆ ಹೋಗುವ ಹುಡುಗಿ. ತಾಯಿಯ ಕೈಹಿಡಿದು ಅಜ್ಜಿಯ ಮನೆಗೆ ಬಂದಾಗ ಅವಳಿಗೆ ಹತ್ತು ವರ್ಷ.

ಬಂದ ಕಾರಣ ಊರಿಗೆಲ್ಲ ತಿಳಿದದ್ದೇ. ಒಂದು ಮದುವೆಯ ಮನೆಯಲ್ಲಿ ಯಾರೋ ಇಬ್ಬರು ಆಡಿಕೊಂಡ ಮಾತು ಅಳಿಯನ ಕಿವಿಗೆ ಬಿದ್ದಿತು. ಈಕೆಗೆ ಮೊದಲು ಬೇರೆಡೆ ಸಂಬಂಧ ಮಾತಾಗಿತ್ತಂತೆ, ಮನಸ್ಸೂ ಅಲ್ಲಿಯೇ ಇತ್ತಂತೆ ಎಂಬುದಷ್ಟೇ ಆ ಮಾತು. ಆತ ಹೆಂಡತಿಯನ್ನು ಏನೂ ಕೇಳಲಿಲ್ಲ. ಆ ಮನೆಯ ಅಂಗಳದಲ್ಲಿಯೇ, ಎರಡೂ ಕಡೆಯ ನೆಂಟರು ಕೇಳುವಂತೆ, ‘ಇವಳು ಇನ್ನು ತವರಿನಲ್ಲಿಯೇ ಇರಲಿ’ ಎಂದು ಹೇಳಿ ಹೊರಟುಹೋದನು. ಆಮೇಲೆ ಹಣ ಕಳುಹಿಸಿದನು, ಮಗಳ ಶಾಲೆಯ ಖರ್ಚು ನೋಡಿಕೊಂಡನು. ಆದರೆ ಆಡಿದ ಮಾತನ್ನು ಹಿಂದೆಗೆದುಕೊಳ್ಳಲಿಲ್ಲ.

ತುಳುನಾಡಿನ ಜೈನ ಮನೆತನಗಳಲ್ಲಿ ಹಿಂದೆ ಅಳಿಯಸಂತಾನದ ಕಟ್ಟು ನಡೆಯುತ್ತಿದ್ದುದನ್ನು ಇಲ್ಲಿ ನೆನೆಯಬೇಕು. ಆಸ್ತಿ ತಾಯಿಯ ಬಳಿಯಲ್ಲಿ ಇಳಿಯುತ್ತಿದ್ದುದರಿಂದ ಹೆಣ್ಣುಮಗಳಿಗೆ ಹುಟ್ಟಿದ ಮನೆಯಲ್ಲಿ ಇದ್ದುದು ಹಕ್ಕಿನ ನೆಲೆ, ದಯೆಯಿಂದ ಕೊಟ್ಟ ಆಸರೆಯಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ, ಅನಂತರ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಆ ಏರ್ಪಾಡು ಸಡಿಲವಾಯಿತು, ಆಸ್ತಿಗಳು ಪಾಲಾದವು. ಆದರೂ ಹಳೆಯ ಮನೆಗಳಲ್ಲಿ ಅದರ ಒಂದು ಗುಣ ಉಳಿದುಕೊಂಡಿತು. ಮರಳಿ ಬಂದ ಮಗಳನ್ನು ‘ಎಷ್ಟು ದಿನ ಇರುತ್ತೀ’ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಈ ಮನೆಯಲ್ಲಿಯೂ ಒಂಬತ್ತು ವರ್ಷ ಯಾರೂ ಕೇಳಿರಲಿಲ್ಲ.

ರಜೆಗೆ ಬಂದ ಮೊಮ್ಮಗಳ ಚೀಲದಲ್ಲಿ ಜೇನ್ ಆಸ್ಟಿನ್ ಬರೆದ ‘ಪರ್ಸುಯೇಷನ್’ ಎಂಬ ಕಾದಂಬರಿಯಿತ್ತು. ಇಂಗ್ಲೆಂಡಿನ ಆ ಲೇಖಕಿ 1817ರ ಜುಲೈಯಲ್ಲಿ ತೀರಿಕೊಂಡಳು. ಪುಸ್ತಕ ಅದೇ ವರ್ಷದ ಡಿಸೆಂಬರಿನಲ್ಲಿ ಹೊರಬಂದಿತು. ಒಮ್ಮೆ ಕೈತಪ್ಪಿದ ಪ್ರೀತಿ ಮತ್ತೊಮ್ಮೆ ದೊರೆಯುವ ಕಥೆಗಳು ಈಗ ಇಂಗ್ಲಿಷಿನಲ್ಲಿ ಲೆಕ್ಕವಿಲ್ಲದಷ್ಟು ಬರುತ್ತವೆ. ಹಬ್ಬದ ರಜೆಯಲ್ಲಿ ಕುಟುಂಬವೆಲ್ಲ ಒಂದೆಡೆ ಸೇರಿದಾಗ ಹಳೆಯ ಪ್ರೇಮಿಗಳು ಎದುರುಬದುರಾಗುವುದು ಅವುಗಳ ವಾಡಿಕೆಯ ಕಥಾಸರಣಿ. ಆ ಬಗೆಯ ಕಥೆಗಳಿಗೆಲ್ಲ ಹಿರಿಯಕ್ಕನಂತಿರುವುದು ಈ ಕಾದಂಬರಿ.

ಸಂಜೆ ಹೊತ್ತು ಮುಳುಗುವ ಮೊದಲೇ ಊಟವಾಗಿ, ಜಪ ಮುಗಿದ ಮೇಲೆ, ‘ಅಷ್ಟು ಹೊತ್ತಿನಿಂದ ಓದುತ್ತೀಯಲ್ಲ, ಅದರಲ್ಲಿ ಏನಿದೆ, ಹೇಳು ಮಗಾ’ ಎಂದು ಅಜ್ಜಿ ಕೇಳಿದಳು. ಮಗನಿಗೆ ಅದು ಹಿಡಿಸಲಿಲ್ಲ. ಕಾದಂಬರಿ ಓದಿ ಯಾರ ಮನೆ ಉದ್ಧಾರವಾಯಿತು ಎಂದು ಗೊಣಗಿದನು. ಅದಕ್ಕೆ ಅಜ್ಜಿ, ‘ಓದಿದ್ದರಿಂದ ಹಾಳಾದ ಮನೆಯನ್ನೂ ನಾನು ಕಾಣೆ. ಓರೆಗಿವಿಯಿಂದ ಕೇಳಿ ಹಾಳಾದದ್ದನ್ನು ಕಂಡಿದ್ದೇನೆ’ ಎಂದಳು. ಚಾವಡಿಯಲ್ಲಿ ದೀಪಾವಳಿಗೆಂದು ಬತ್ತಿ ಹೊಸೆಯುತ್ತಿದ್ದ ಮಗಳು ತಲೆಯೆತ್ತಲಿಲ್ಲ.

ಅಜ್ಜಿಯ ಮಾತಿನಲ್ಲಿ ಹುರುಳಿತ್ತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಹೆಸರಾದ ‘ಇಂದಿರಾಬಾಯಿ’ ಹುಟ್ಟಿದ್ದು ಇದೇ ಜಿಲ್ಲೆಯ ಮಂಗಳೂರಿನಲ್ಲಿ, 1899ರಲ್ಲಿ. ಪೊಲೀಸ್ ಇಲಾಖೆಯಲ್ಲಿದ್ದ ಗುಲ್ವಾಡಿ ವೆಂಕಟರಾಯರು ಅದರಲ್ಲಿ ಎಳೆಯ ವಿಧವೆಯೊಬ್ಬಳು ಓದು ಕಲಿತು ಮರುಮದುವೆಯಾದುದನ್ನು ಬರೆದರು. ಹೆಣ್ಣಿನ ಬಾಳಿಗೆ ಎರಡನೆಯ ಆರಂಭ ಉಂಟೇ ಎಂಬ ಪ್ರಶ್ನೆಯೊಂದಿಗೇ ಈ ನೆಲದಲ್ಲಿ ಕಾದಂಬರಿ ಕಣ್ಣು ತೆರೆಯಿತು.

ಮೊಮ್ಮಗಳು ಕಥೆಯನ್ನು ಕನ್ನಡದಲ್ಲಿ ಹೇಳುತ್ತ ಹೋದಳು. ಆನ್ ಎಲಿಯಟ್ ಎಂಬ ಹುಡುಗಿ ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ ವೆಂಟ್‌ವರ್ತ್ ಎಂಬ ಬಡ ನೌಕಾಧಿಕಾರಿಯನ್ನು ಒಪ್ಪಿಕೊಂಡಿದ್ದಳು. ತಂದೆಗೆ ಅದು ಸಮ್ಮತವಲ್ಲ. ತಾಯಿಯ ಗೆಳತಿಯೂ ತಾಯಿಯ ಸ್ಥಾನದಲ್ಲಿದ್ದವಳೂ ಆದ ಹಿರಿಯಳೊಬ್ಬಳು ಬೇಡವೆಂದು ಬುದ್ಧಿ ಹೇಳಿದಳು. ಹುಡುಗಿ ಒಪ್ಪಂದವನ್ನು ಮುರಿದಳು. ಎಂಟು ವರ್ಷ ಕಳೆದ ಮೇಲೆ ಆತ ಹಣ, ಹುದ್ದೆ, ಕೀರ್ತಿ ಗಳಿಸಿ ಅದೇ ಬಂಧುಬಳಗದ ನಡುವೆ ಬಂದು ನಿಂತನು. ಎಲ್ಲರೊಡನೆ ಮಾತನಾಡಿದನು, ಅವಳೊಡನೆ ಮಾತ್ರ ಪರಿಚಯವಿದ್ದೂ ಇಲ್ಲದವನಂತೆ ನಡೆದುಕೊಂಡನು. ಎಲ್ಲರೂ ಕೂಡಿ ಲೈಮ್ ಎಂಬ ಕಡಲತಡಿಯ ಊರಿಗೆ ವಿಹಾರ ಹೋದಾಗ ಜೊತೆಯ ಹುಡುಗಿಯೊಬ್ಬಳು ಕಲ್ಲಿನ ಕಟ್ಟೆಯಿಂದ ಹಾರಹೋಗಿ ಬಿದ್ದು ಪ್ರಜ್ಞೆ ತಪ್ಪಿದಳು. ಉಳಿದವರು ಕಂಗೆಟ್ಟು ನಿಂತಾಗ ಆನ್ ಒಬ್ಬಳೇ ಸಮಾಧಾನದಿಂದ ಮಾಡಬೇಕಾದುದನ್ನು ಹೇಳಿದಳು. ವೆಂಟ್‌ವರ್ತನ ಕಣ್ಣು ತೆರೆದದ್ದು ಅಲ್ಲಿಂದ. ಕೊನೆಗೆ ಒಂದು ದಿನ, ಹೆಣ್ಣಿನ ಪ್ರೀತಿ ಆಸೆ ಬತ್ತಿದ ಮೇಲೂ ಉಳಿಯುತ್ತದೆಂದು ಆಕೆ ಬೇರೊಬ್ಬನೊಡನೆ ಹೇಳುತ್ತಿದ್ದುದನ್ನು ಅದೇ ಕೋಣೆಯಲ್ಲಿ ಬರೆಯುತ್ತ ಕುಳಿತಿದ್ದ ಆತ ಕೇಳಿಸಿಕೊಂಡನು. ತನ್ನ ಮನಸ್ಸನ್ನೆಲ್ಲ ಒಂದು ಪತ್ರದಲ್ಲಿ ಬರೆದು ಅವಳ ಮುಂದಿಟ್ಟು ಹೋದನು.

‘ಇದರಲ್ಲಿ ಒಂದು ಮಾತಿದೆ ಅಜ್ಜಿ’ ಎಂದಳು ಹುಡುಗಿ. ‘ಎಲ್ಲ ಸರಿಹೋದ ಮೇಲೆ ಆತ ಕೇಳುತ್ತಾನೆ, ಬಿಟ್ಟುಹೋದ ಎರಡು ವರ್ಷಕ್ಕೇ ತನ್ನ ಕೈಗೆ ಸ್ವಲ್ಪ ಹಣ ಬಂದಾಗ ಬರೆದಿದ್ದರೆ ನೀನು ಒಪ್ಪುತ್ತಿದ್ದೆಯಾ ಎಂದು. ಅವಳು ಖಂಡಿತ ಒಪ್ಪುತ್ತಿದ್ದಳು. ಮಿಕ್ಕ ಆರು ವರ್ಷ ವ್ಯರ್ಥವಾದದ್ದು ತನ್ನ ಅಭಿಮಾನದಿಂದಲೇ ಎಂದು ಆತ ಒಪ್ಪಿಕೊಳ್ಳುತ್ತಾನೆ.’

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದು ಅಂಜನೆಯ ಕಥೆಯೇ. ಆದರೆ ಅರ್ಧ ಮಾತ್ರ’ ಎಂದಳು.

ರವಿಷೇಣಾಚಾರ್ಯರು ಕ್ರಿ.ಶ. 7ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಪದ್ಮಪುರಾಣದಲ್ಲಿ ಅಂಜನಾ ಪವನಂಜಯರ ವೃತ್ತಾಂತ ಬರುತ್ತದೆ. ಅದರ ಆರಂಭವೂ ಹಬ್ಬದಲ್ಲಿಯೇ. ಫಾಲ್ಗುಣದ ಅಷ್ಟಾಹ್ನಿಕ ಪರ್ವಕ್ಕೆಂದು ವಿದ್ಯಾಧರ ಕುಟುಂಬಗಳು ಕೈಲಾಸದಲ್ಲಿ ಪೂಜೆಗೆ ಸೇರಿದ್ದವು. ಅಲ್ಲಿ ರಾಜ ಮಹೇಂದ್ರನ ಮಗಳು ಅಂಜನೆಯನ್ನು ರಾಜ ಪ್ರಹ್ಲಾದನ ಮಗ ಪವನಂಜಯನಿಗೆ ಕೊಡುವುದೆಂದು ಹಿರಿಯರು ನಿಶ್ಚಯಿಸಿದರು. ಮೂರು ದಿನಗಳಲ್ಲಿ ಮಾನಸಸರೋವರದ ದಡದಲ್ಲಿ ಮದುವೆ. ಅಷ್ಟು ತಾಳ್ಮೆಯೂ ಇಲ್ಲದೆ ವರನು ಮಿತ್ರ ಪ್ರಹಸಿತನೊಡನೆ ಗುಟ್ಟಾಗಿ ವಧುವನ್ನು ನೋಡಲು ಹೋದನು. ಆಗ ಸಖಿ ವಸಂತಮಾಲೆ ಪವನಂಜಯನನ್ನು ಹೊಗಳುತ್ತಿದ್ದಳು. ಮಿಶ್ರಕೇಶಿ ಎಂಬ ಇನ್ನೊಬ್ಬಳು ವಿದ್ಯುತ್ಪ್ರಭನೆಂಬ ರಾಜಕುಮಾರನೇ ಮೇಲೆಂದು ಹೇಳಿ ಪವನಂಜಯನನ್ನು ಹಳಿದಳು. ಅಂಜನೆ ಯಾವುದಕ್ಕೂ ಉತ್ತರ ಕೊಡಲಿಲ್ಲ. ಲಜ್ಜೆಯಿಂದ ಹುಟ್ಟಿದ ಆ ಮೌನವನ್ನು ಪವನಂಜಯನು ಸಮ್ಮತಿಯೆಂದು ಓದಿದನು. ಕತ್ತಿಗೆ ಕೈಹಾಕಿದವನನ್ನು ಮಿತ್ರನು ತಡೆದನು. ಹಿರಿಯರ ಒತ್ತಾಯಕ್ಕೆ ಮದುವೆಯಾಯಿತು. ಮದುವೆಯಾದ ದಿನದಿಂದಲೇ ತ್ಯಾಗವೂ ಆಯಿತು. 22 ವರ್ಷ ಆತ ಅವಳ ಮುಖ ನೋಡಲಿಲ್ಲ, ಕಾರಣವನ್ನೂ ಹೇಳಲಿಲ್ಲ.

ರಾವಣನಿಗೂ ವರುಣನಿಗೂ ಯುದ್ಧ ಬಂದಾಗ ಪವನಂಜಯನು ರಾವಣನ ನೆರವಿಗೆ ಹೊರಟನು. ಕಂಬಕ್ಕೆ ಒರಗಿ ನಿಂತಿದ್ದ ಅಂಜನೆಯನ್ನು ಆಗಲೂ ಕಟುವಾಗಿ ನುಡಿದನು. ದಾರಿಯಲ್ಲಿ ಬೀಡುಬಿಟ್ಟದ್ದು ಅದೇ ಮಾನಸಸರೋವರದ ದಡ. ಅಲ್ಲಿ ಸಂಗಾತಿಯನ್ನು ಅಗಲಿದ ಚಕ್ರವಾಕಿಯೊಂದು ದಡದಿಂದ ದಡಕ್ಕೆ ಅಲೆಯುತ್ತ ಕೂಗುತ್ತಿದ್ದುದನ್ನು ಕಂಡನು. ಒಂದು ರಾತ್ರಿಯ ಅಗಲಿಕೆಗೆ ಹಕ್ಕಿ ಇಷ್ಟು ತಳಮಳಿಸುವುದಾದರೆ 22 ವರ್ಷ ಅವಳು ಹೇಗೆ ಕಳೆದಳು ಎಂಬ ವಿಚಾರ ಅವನನ್ನು ಸುಟ್ಟಿತು. ಅದೇ ರಾತ್ರಿ ಪ್ರಹಸಿತನೊಡನೆ ಆಕಾಶಮಾರ್ಗದಲ್ಲಿ ಹಿಂದಿರುಗಿ ಅವಳ ಕ್ಷಮೆ ಬೇಡಿದನು. ಅವಳು ಕ್ಷಮಿಸಿದಳು.

‘ನಿನ್ನ ಪುಸ್ತಕದವಳು ಇಲ್ಲಿಗೇ ನಿಲ್ಲಿಸುತ್ತಾಳೆ. ಪುರಾಣ ನಿಲ್ಲಿಸುವುದಿಲ್ಲ’ ಎಂದಳು ಅಜ್ಜಿ.

ಹೊರಡುವಾಗ ಅಂಜನೆ ಒಂದೇ ಒಂದು ಪ್ರಾರ್ಥನೆ ಮಾಡಿದಳು: ಬಂದ ಸಂಗತಿಯನ್ನು ಹಿರಿಯರಿಗೆ ತಿಳಿಸಿ ಹೋಗಬೇಕು. ಬೀಳ್ಕೊಂಡು ಹೋದವನು ಮರಳಿ ಬಂದೆನೆಂದು ಹೇಳಲು ಪವನಂಜಯನಿಗೆ ನಾಚಿಕೆಯಾಯಿತು. ಗುರುತಿಗಾಗಿ ತನ್ನ ಆಭರಣವೊಂದನ್ನು ಕೊಟ್ಟು, ಬೇಗನೆ ಬರುವೆನೆಂದು ಹೇಳಿ, ಬೆಳಗಾಗುವುದರೊಳಗೆ ಹೊರಟುಹೋದನು. ಅವಳು ಗರ್ಭಿಣಿಯಾದುದು ಕಾಣಿಸಿಕೊಂಡಾಗ ಅತ್ತೆ ಕೇತುಮತಿ ನಂಬಲಿಲ್ಲ. ನಂಬುವುದಾದರೂ ಹೇಗೆ? 22 ವರ್ಷ ಮಗ ಸೊಸೆಯನ್ನು ಕಣ್ಣೆತ್ತಿಯೂ ನೋಡದ್ದನ್ನು ಕಂಡವಳು ಆಕೆ. ಗುರುತಿನ ಆಭರಣವನ್ನು ತೋರಿಸಿದರೂ ಪ್ರಯೋಜನವಾಗಲಿಲ್ಲ. ಮನೆಯಿಂದ ಹೊರಹಾಕಿದಳು. ತಂದೆಯ ಅರಮನೆಯ ಬಾಗಿಲೂ ಮುಚ್ಚಿತು. ವಸಂತಮಾಲೆಯೊಬ್ಬಳೇ ಜೊತೆಗಿದ್ದಳು. ಕಾಡಿನ ಗುಹೆಯಲ್ಲಿ ಅಮಿತಗತಿ ಮುನಿಗಳ ದರ್ಶನದಿಂದ ಧೈರ್ಯ ಪಡೆದು, ಅಲ್ಲಿಯೇ ಹನುಮಂತನನ್ನು ಹೆತ್ತಳು. ಕೊನೆಗೆ ಅವಳನ್ನು ಕಂಡು ಹನೂರುಹ ದ್ವೀಪಕ್ಕೆ ಕರೆದೊಯ್ದವನು ಪ್ರತಿಸೂರ್ಯ, ಅವಳ ಸೋದರಮಾವ. ಯುದ್ಧ ಗೆದ್ದು ಬಂದ ಪವನಂಜಯನು ಬರಿದಾದ ಮನೆಯನ್ನು ಕಂಡು, ಕಾಡು ಕಾಡು ಅಲೆದು, ಪ್ರಾಣ ಬಿಡಲು ಸಂಕಲ್ಪಿಸಿದಾಗ ಅವನನ್ನು ಹುಡುಕಿ ಕರೆತಂದವನೂ ಆ ಸೋದರಮಾವನೇ.

‘ರಾತ್ರಿ ಬಂದು ಕ್ಷಮೆ ಕೇಳಿದ. ಹಗಲಿನಲ್ಲಿ ಅದಕ್ಕೆ ಸಾಕ್ಷಿ ಯಾರೂ ಇರಲಿಲ್ಲ’ ಎಂದು ಅಜ್ಜಿ ಮಾತು ಮುಗಿಸಿದಳು. ‘ತಪ್ಪು ಅವನದು, ಕಾಡಿಗೆ ಹೋದವಳು ಅವಳು.’

ಅಜ್ಜಿ ಹೀಗೆ ಹೇಳಲು ಕಾರಣವಿತ್ತು. ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಂದಾಗ ಮಗಳಿಗೆ ಗಂಡನಿಂದ ಒಂದು ಪತ್ರ ಬಂದಿತ್ತು. ತಿಳಿದೋ ತಿಳಿಯದೆಯೋ ತನ್ನಿಂದಾದ ತಪ್ಪುಗಳನ್ನು ಕ್ಷಮಿಸಬೇಕು, ಸಾಧ್ಯವಾದರೆ ಮತ್ತೆ ಒಟ್ಟಿಗೆ ಬಾಳಬಹುದು ಎಂದು ಅದರಲ್ಲಿತ್ತು. ಅಂಥದೇ ಇನ್ನೂ ಎರಡು ಪತ್ರಗಳು ಬಂದವು. ದೀಪಾವಳಿಗೆ ಬರಲೇ ಎಂದು ಮೂರನೆಯದರಲ್ಲಿ ಕೇಳಿದ್ದನು. ಕೆಲಸದ ನಿಮಿತ್ತ ಈ ಕಡೆಗೆ ಬಂದವನಂತೆ ಕತ್ತಲಾದ ಮೇಲೆ ಬಂದು ಹೋಗುತ್ತೇನೆ, ಸದ್ಯಕ್ಕೆ ಯಾರಿಗೂ ತಿಳಿಯುವುದು ಬೇಡ ಎಂದೂ ಬರೆದಿದ್ದನು. ಮಗಳು ಪತ್ರಗಳನ್ನು ತಾಯಿಗೆ ಮಾತ್ರ ತೋರಿಸಿದ್ದಳು.

ಕ್ಷಮಾವಣಿಯ ಮಾತಿಗೆ ದೊಡ್ಡ ಬೆಲೆಯಿದೆ. ವರ್ಷವೆಲ್ಲ ಅರಿಯದೆ ಎಷ್ಟು ಜೀವಗಳಿಗೆ ನೋವಾಗಿದೆಯೋ ಬಲ್ಲವರಾರು? ತಿಳಿದೋ ತಿಳಿಯದೆಯೋ ಎಂಬ ನುಡಿ ಇರುವುದು ಅದಕ್ಕಾಗಿ. ಆದರೆ ಚೆನ್ನಾಗಿ ತಿಳಿದೇ ಮಾಡಿದ ಒಂದು ತಪ್ಪಿನ ಮೇಲೆ ಆ ನುಡಿಯನ್ನು ಹೊದಿಸಿದರೆ ಅದೇ ಮುಸುಕಾಗುತ್ತದೆ. ನೆಂಟರೆದುರು ಆಡಿದ ಮಾತು ಯಾವುದು, ಆಡಿದವರು ಯಾರು, ಅದು ಸುಳ್ಳೆಂದು ಗೊತ್ತಾದದ್ದು ಯಾವಾಗ, ಇವುಗಳಲ್ಲಿ ಒಂದೂ ಆ ಮೂರು ಪತ್ರಗಳಲ್ಲಿ ಇರಲಿಲ್ಲ.

ಶಾಸ್ತ್ರಕಾರರು ಈ ವಿಷಯದಲ್ಲಿ ಬಹಳ ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ತನ್ನ ದೋಷಕ್ಕಾಗಿ ತನ್ನ ಮನಸ್ಸಿನೊಳಗೇ ಮರುಗುವುದು ನಿಂದೆ. ಅದಕ್ಕೆ ಆತ್ಮವೇ ಸಾಕ್ಷಿ. ಅದೇ ದೋಷವನ್ನು ಗುರುವಿನ ಎದುರು ಬಾಯಿಬಿಟ್ಟು ಹೇಳಿ ಹಳಿದುಕೊಳ್ಳುವುದು ಗರ್ಹೆ. ಎರಡೂ ಬೇಕು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯ ಹೇಳುವ ಒಂಬತ್ತು ಬಗೆಯ ಪ್ರಾಯಶ್ಚಿತ್ತಗಳಲ್ಲಿ ಮೊದಲನೆಯದು ಆಲೋಚನೆ, ಎಂದರೆ ಮರೆಮಾಚದೆ ದೋಷವನ್ನು ನಿವೇದಿಸುವುದು. ಶಿವಾರ್ಯರ ಭಗವತೀ ಆರಾಧನೆಯಲ್ಲಿ ಆ ಆಲೋಚನೆಗೂ ಹತ್ತು ದೋಷಗಳನ್ನು ಎಣಿಸಲಾಗಿದೆ. ಇತರರು ಕಂಡ ತಪ್ಪನ್ನು ಮಾತ್ರ ಹೇಳುವುದು ದೃಷ್ಟ. ತನ್ನದೆಂದು ಹೇಳದೆ ಮರೆಯಿಟ್ಟು ಕೇಳುವುದು ಛನ್ನ. ಗದ್ದಲದ ನಡುವೆ, ಕೇಳಿಸಿಯೂ ಕೇಳಿಸದಂತೆ ಹೇಳಿಬಿಡುವುದು ಶಬ್ದಾಕುಲಿತ. ಮುನಿಗಳಿಗಾಗಿ ಹೇಳಿದ ಈ ಮಾತುಗಳಲ್ಲಿ ಗೃಹಸ್ಥನು ತನ್ನ ಮುಖವನ್ನು ಕಾಣದೆ ಇರಲಾರನು. ಪವನಂಜಯನ ನಿಂದೆ ನಿಜವಾದದ್ದೇ. ಅವನ ಕಣ್ಣೀರಿನಲ್ಲಿ ಕಪಟವಿರಲಿಲ್ಲ. ಅವನಲ್ಲಿ ಇಲ್ಲದಿದ್ದುದು ಗರ್ಹೆ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ದೋಷವನ್ನು ಮುಚ್ಚುವ ಉಪಗೂಹನವೂ ಸಮ್ಯಕ್ತ್ವದ ಅಂಗವಲ್ಲವೇ, ಮನೆಯ ಮಾತನ್ನು ಚಾವಡಿಗೆ ತರುವುದು ತಕ್ಕುದೇ? ಮನೆಯ ಯಜಮಾನನಾದ ಮಗನು ಎತ್ತಿದ್ದೂ ಇದೇ ಮಾತು. ಹಳೆಯದನ್ನು ಕೆದಕುವುದೇಕೆ, ಬರುವವನು ಬರಲಿ, ತಂಗಿ ಸುಖವಾಗಿದ್ದರೆ ಸಾಕು ಎಂದನು. ಅವನ ಮಾತಿನಲ್ಲಿ ಪ್ರೀತಿಯಿತ್ತು. ಆದರೆ ಉಪಗೂಹನ ಎಂದರೆ ಪರರ ದೋಷವನ್ನು ಮುಚ್ಚುವುದು. ತನ್ನ ದೋಷವನ್ನು ತಾನೇ ಮುಚ್ಚಿಕೊಳ್ಳುವುದಕ್ಕೆ ಶಾಸ್ತ್ರದಲ್ಲಿ ಇರುವ ಹೆಸರು ಮಾಯೆ. ಅದು ನಾಲ್ಕು ಕಷಾಯಗಳಲ್ಲೊಂದು. ತಪ್ಪು ಮಾಡಿದವನು ಹೇಳಿ ಮುಗಿಸಿದ ಮೇಲೆ ಅದನ್ನು ಮತ್ತೆ ಎತ್ತದಿರುವುದು ಕೇಳಿದವರ ಧರ್ಮ. ಆತ ಹೇಳುವುದಕ್ಕೆ ಮೊದಲೇ ಇವರು ಮುಚ್ಚಿಬಿಟ್ಟರೆ ಮುಚ್ಚಿಹೋಗುವುದು ನೊಂದವಳ ಬಾಯಿ.

ಅಜ್ಜಿ ಮಗಳ ಕಡೆಗೆ ತಿರುಗಿ ಕೇಳಿದಳು: ‘ನೀನೇನು ಹೇಳುತ್ತೀ?’

ಬತ್ತಿಗಳನ್ನು ಎಣಿಸಿ ತಟ್ಟೆಯಲ್ಲಿ ಜೋಡಿಸುತ್ತಿದ್ದ ಆಕೆ ನಿಧಾನವಾಗಿ ಹೇಳಿದಳು. ‘ಅವರ ಮೇಲೆ ನನಗೀಗ ಸಿಟ್ಟಿಲ್ಲ ಅಮ್ಮಾ. ಯಾವಾಗ ಹೋಯಿತೋ ತಿಳಿಯದು. ಆದರೆ ಆ ಮದುವೆಯಲ್ಲಿದ್ದವರ ಎದುರಿಗೆ ಹೋಗುವಾಗ ಇಂದಿಗೂ ನನ್ನ ಕಾಲು ಹಿಂದೆ ಬರುತ್ತದೆ. ಅದಕ್ಕೆ ಪತ್ರದಲ್ಲಿ ಉತ್ತರವಿಲ್ಲ.’

ಉತ್ತರವನ್ನು ಮಗಳೇ ಬರೆದಳು. ಪೆರಾಬೆಯಿಂದ ಹೋದ ಆ ಪತ್ರ ನಾಲ್ಕೇ ಸಾಲಿನದು. ಬರುವುದಾದರೆ ಹಗಲಿನಲ್ಲಿ ಬರಬೇಕು. ಈ ಮನೆಯಲ್ಲಿ ಸೂರ್ಯಾಸ್ತದ ಮೇಲೆ ಊಟವಿಲ್ಲ, ಆದುದರಿಂದ ಊಟದ ಹೊತ್ತಿಗೇ ಬರಬೇಕು. ಅಂದು ಮದುವೆಯ ಮನೆಯಲ್ಲಿ ಮಾತನ್ನು ಕೇಳಿದ ಎರಡೂ ಕಡೆಯ ಹಿರಿಯರು ಚಾವಡಿಯಲ್ಲಿ ಇರುತ್ತಾರೆ. ಬೇರೆ ಯಾರೂ ಇರುವುದಿಲ್ಲ. ಆಡಿದ ಮಾತು ಯಾವುದೋ ಅದನ್ನು ಹೆಸರಿಟ್ಟು ಹಿಂದೆಗೆದುಕೊಳ್ಳಬೇಕು. ಮುಂದಿನ ಮಾತು ಆಮೇಲೆ. ‘ಬೇರೆ ಯಾರೂ ಇರುವುದಿಲ್ಲ’ ಎಂಬ ಸಾಲನ್ನು ಸೇರಿಸಿಸಿದವಳು ಅಜ್ಜಿ. ತಪ್ಪನ್ನು ಎಷ್ಟು ಮಂದಿಯೆದುರು ಮಾಡಿದನೋ ಅಷ್ಟೇ ಮಂದಿಯೆದುರು ಒಪ್ಪಿಕೊಂಡರೆ ಸಾಕು, ಅದಕ್ಕಿಂತ ಒಬ್ಬರು ಹೆಚ್ಚಾದರೂ ಅದು ಸೇಡು ಎಂಬುದು ಅವಳ ಲೆಕ್ಕ.

ಕಾನೂನು ಕೂಡ ಒಡೆಯುತ್ತಿರುವ ದಾಂಪತ್ಯಕ್ಕೆ ಮರುಯೋಚನೆಯ ಅವಧಿಯನ್ನು ಇಟ್ಟಿದೆ. ಜೈನರಿಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನ ಸೇರಿದಾಗ ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕೆಂದು ವಿಧಿಸಲಾಯಿತು. ಕೂಡಿಬಾಳುವ ಆಸೆಯೇ ಉಳಿಯದ ಪ್ರಕರಣಗಳಲ್ಲಿ ಆ ಅವಧಿ ಕಡ್ಡಾಯವಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಹೇಳಿತು. ನ್ಯಾಯಾಲಯ ಕಾಲಾವಕಾಶವನ್ನು ಕೊಡಬಲ್ಲುದು. ಆ ಅವಕಾಶದಲ್ಲಿ ಆಡಬೇಕಾದ ಮಾತನ್ನು ಆಡಿಸುವ ಶಕ್ತಿ ಅದಕ್ಕಿಲ್ಲ. ಅದು ಮನೆಯ ಹಿರಿಯರ ಹೊಣೆ. ಆ ಹೊಣೆಯನ್ನು ಹೊರಲಾರದೆ ಎಷ್ಟೋ ಮನೆಗಳಲ್ಲಿ ಹಿರಿಯರು ‘ಆದದ್ದಾಯಿತು, ಹೊಂದಿಕೊಂಡು ಹೋಗು’ ಎಂದು ಹೆಣ್ಣುಮಗಳನ್ನು ಕಳುಹಿಸಿಬಿಡುತ್ತಾರೆ. ಅಂಥ ಮರುಮಿಲನ ಮೊದಲನೆಯ ಜಗಳಕ್ಕೇ ಬಿರುಕುಬಿಡುತ್ತದೆ. ಹಳೆಯ ಆರೋಪ ಯಾರಿಂದಲೂ ಅಳಿಸಲ್ಪಡದೆ ಅಲ್ಲಿಯೇ ಇರುತ್ತದೆ.

ಆಶ್ವಯುಜದ ಅಮಾವಾಸ್ಯೆಯ ಬೆಳಗಿನ ಜಾವ ಭಗವಾನ್ ಮಹಾವೀರರ ನಿರ್ವಾಣ ಪೂಜೆ ನಡೆಯಿತು. ಹತ್ತು ಗಂಟೆಯ ಹೊತ್ತಿಗೆ ಅಳಿಯ ಬಂದನು. ಮಾರ್ಗದಲ್ಲಿ ಬಸ್ಸಿಳಿದು ತೋಟದ ನಡುವಿನ ದಾರಿಯಲ್ಲಿ ನಡೆದು ಬಂದವನು ಅಂಗಳದ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಂತನು. ಹೊಸದಾಗಿ ಸಾರಿಸಿದ ಅಂಗಳದ ಮೇಲೆ ಹೆಜ್ಜೆಯಿಡಲು ಹಿಂಜರಿದನೋ, ಚಾವಡಿಯಲ್ಲಿ ಕುಳಿತವರನ್ನು ಕಂಡು ಹಿಂಜರಿದನೋ ಹೇಳುವುದು ಕಷ್ಟ. ‘ಬನ್ನಿ, ಅಂಗಳ ಒಣಗಿದೆ’ ಎಂದು ಭಾವಮೈದುನನೇ ಎದ್ದುಹೋಗಿ ಕರೆತಂದನು. ಕೆಲವು ದಿನಗಳ ಹಿಂದೆ ಇದೆಲ್ಲ ಬೇಡವೆಂದಿದ್ದವನೂ ಅವನೇ.

ಬೆಲ್ಲ, ನೀರು ಕೊಟ್ಟರು. ಮಳೆ, ಕೊಳೆರೋಗ, ಅಡಿಕೆಯ ಧಾರಣೆ ಎಂದು ಸ್ವಲ್ಪ ಮಾತು ನಡೆದು ನಿಂತುಹೋಯಿತು. ಆತ ಎರಡು ಸಲ ಬಾಯಿ ತೆರೆದು ಸುಮ್ಮನಾದನು. ಮೊದಲು ಹೇಳಿದ್ದು ತಿಳಿದೋ ತಿಳಿಯದೆಯೋ ಎಂಬ ಮಾತನ್ನೇ. ಅಜ್ಜಿ ನಯವಾಗಿ, ‘ತಿಳಿದದ್ದನ್ನು ಮಾತ್ರ ಹೇಳಿ. ತಿಳಿಯದ್ದನ್ನು ನಾವು ಭಾದ್ರಪದದಲ್ಲಿಯೇ ಕ್ಷಮಿಸಿದ್ದೇವೆ’ ಎಂದಳು.

ಆಗ ಆತ ಹೇಳಿದನು. ಕೇಳಿದ ಗಾಳಿಮಾತನ್ನು ವಿಚಾರಿಸದೆ ನಂಬಿದ್ದು, ಹೆಂಡತಿಯನ್ನು ಒಂದು ಮಾತೂ ಕೇಳದೆ ಎಲ್ಲರೆದುರು ಅವಮಾನಿಸಿದ್ದು, ಮರುವರ್ಷವೇ ಆ ಮಾತು ಹುಸಿಯೆಂದು ಗೊತ್ತಾದರೂ ತನ್ನ ಮುಖ ಉಳಿಸಿಕೊಳ್ಳಲು ಸುಮ್ಮನಿದ್ದದ್ದು, ಎಲ್ಲವನ್ನೂ ಹೇಳಿದನು. ಆಕೆಯಲ್ಲಿ ಯಾವ ಕುಂದೂ ಇರಲಿಲ್ಲ ಎಂದು ತನ್ನ ಸ್ವಂತ ಅಣ್ಣನ ಮುಖ ನೋಡಿ ಹೇಳಿದನು. ಮಾತು ಸುಂದರವಾಗಿರಲಿಲ್ಲ, ನಡುನಡುವೆ ತಡವರಿಸಿತು. ಮರುವರ್ಷವೇ ಗೊತ್ತಾಗಿತ್ತು ಎಂದಾಗ ಬಾಗಿಲ ಬಳಿ ನಿಂತಿದ್ದ ಮಗಳು ತಟ್ಟನೆ ತಂದೆಯನ್ನು ನೋಡಿ, ಒಳಗೆ ಹೋದಳು. ಉಳಿದ ಎಂಟು ವರ್ಷಗಳ ಲೆಕ್ಕ ಅವಳಿಗೆ ಕಾದಂಬರಿಯ ವೆಂಟ್‌ವರ್ತನ ಆರು ವರ್ಷಗಳಷ್ಟು ಸುಲಭವಾಗಿ ಇಳಿಯಲಿಲ್ಲ.

ಯಾರೂ ಪ್ರಶ್ನೆ ಕೇಳಲಿಲ್ಲ. ಆತನ ಅಣ್ಣ ಎದ್ದು ಆಕೆಗೆ ಕೈಮುಗಿದು, ತಾನೂ ಅಂದು ಕೇಳಿ ಸುಮ್ಮನಿದ್ದವನೆಂದು ಹೇಳಿದನು. ಆ ಮಾತನ್ನು ಯಾರೂ ನಿರೀಕ್ಷಿಸಿರಲಿಲ್ಲ. ಒಬ್ಬನು ತನ್ನ ದೋಷವನ್ನು ತೆರೆದಿಟ್ಟಾಗ ಇನ್ನೊಬ್ಬನಿಗೂ ತನ್ನದು ಕಾಣುತ್ತದೆ.

ಆಕೆ ಗಂಡನಿಗೆ ಹೇಳಿದ ಮಾತು ಇಷ್ಟೇ: ‘ಕ್ಷಮೆ ನಾನು ಈಗಾಗಲೇ ಮಾಡಿದ್ದೇನೆ, ಅದು ನನ್ನ ವ್ರತ. ಬರುವುದು ಬೇರೆ ಮಾತು. ಅದಕ್ಕೆ ನನಗೆ ಸಮಯ ಬೇಕು. ನೀವು ಬರುತ್ತಾ ಇರಿ.’

ಕ್ಷಮೆಯನ್ನೂ ಮರುಮಿಲನವನ್ನೂ ಒಂದೇ ಎಂದು ತಿಳಿಯುವು‍ದರಿಂದ ಎಷ್ಟೋ ಅನಾಹುತಗಳಾಗುತ್ತವೆ. ಕ್ಷಮೆ ಕ್ಷಮಿಸುವವನ ಆತ್ಮದ ಬಿಡುಗಡೆ. ಅದಕ್ಕೆ ಎದುರಿನವನು ಯೋಗ್ಯನಾಗುವವರೆಗೆ ಕಾಯಬೇಕಾಗಿಲ್ಲ. ಮತ್ತೆ ಕೂಡಿ ಬಾಳುವುದಕ್ಕೆ ಇಬ್ಬರ ನಡೆಯೂ ಬೇಕು, ಕಾಲವೂ ಬೇಕು. ಕ್ಷಮಿಸಿದವಳು ಮರಳಿ ಹೋಗಲೇಬೇಕೆಂದು ಧರ್ಮ ಎಲ್ಲಿಯೂ ಕಟ್ಟು ಮಾಡಿಲ್ಲ. ಇನ್ನೊಂದು ಅವಕಾಶವನ್ನು ಬೇಡುವವನಿಗೆ ಬೇಡುವ ಹಕ್ಕಿದೆ. ಉತ್ತರದ ದಿನವನ್ನು ಗೊತ್ತುಮಾಡುವವಳು ಕೊಡುವವಳು.

ಆ ದಿನ ಎಲ್ಲರೂ ಒಂದೇ ಪಂಕ್ತಿಯಲ್ಲಿ ಊಟ ಮಾಡಿದರು. ಊಟದ ಮಧ್ಯೆ ಒಮ್ಮೆ ಸೊಸೆ ಅಳಿಯನಿಗೆ ಪಾಯಸ ಬಡಿಸಲು ಬಂದಾಗ ಮಗಳು ಅವಳ ಕೈಯಿಂದ ಪಾತ್ರೆಯನ್ನು ತೆಗೆದುಕೊಂಡು ತಾನೇ ಬಡಿಸಿದಳು. ಅದಕ್ಕೆ ಯಾವ ಅರ್ಥವನ್ನು ಹಚ್ಚಬೇಕೆಂದು ಯಾರೂ ಚರ್ಚಿಸಲಿಲ್ಲ. ಸಂಜೆಯ ಊಟವೂ ಬೆಳಕಿರುವಾಗಲೇ ಮುಗಿಯಿತು. ಅಳಿಯ ಹೊರಟಾಗ ಮೊಮ್ಮಗಳು ಮಾರ್ಗದವರೆಗೆ ಜೊತೆಗೆ ಹೋದಳು. ದಾರಿಯುದ್ದಕ್ಕೂ ಇಬ್ಬರೂ ಹೆಚ್ಚು ಮಾತನಾಡಲಿಲ್ಲ. ಉಪ್ಪಿನಂಗಡಿಯ ಬಸ್ಸು ಬರುವವರೆಗೆ ನಿಂತಿದ್ದು, ಮುಂದಿನ ರಜೆ ಯಾವಾಗ ಎಂದು ತಂದೆ ಕೇಳಿದ್ದಕ್ಕೆ ತಿಂಗಳನ್ನು ಮಾತ್ರ ಹೇಳಿ ಹಿಂದಿರುಗಿದಳು.

ಅಂಗಳದಲ್ಲಿ ಆಗಲೇ ದೀಪಗಳನ್ನು ಇಡುತ್ತಿದ್ದರು. ತಾಯಿ ಹೊಸೆದ ಬತ್ತಿಗಳು ಒಂದು ಸಾಲಿಗೆ ಕಡಿಮೆಯಾದವು. ಅಜ್ಜಿ ಹತ್ತಿಯ ಉಂಡೆಯನ್ನು ಮಡಿಲಿಗೆ ಎಳೆದುಕೊಂಡು, ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೊಸೆಯುವುದನ್ನು ತೋರಿಸಿಕೊಡತೊಡಗಿದಳು.